ಜಾಡಿಯೊಳಗಿನ ಗೆರೆಕಲ್ಲು

ಅವ್ವ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದಳು. ನಾನು ತೆಂಗಿನ ನಾರಿನಿಂದ ಕಲ್ಲನ್ನು ಉಜ್ಜುತ್ತಿದ್ದೆ. ಮಾವಿನಮಿಡಿ ಉಪ್ಪಿಗೆ ಹಾಕುವ ದಿನ ನಮ್ಮ ಹಿತ್ತಿಲಿನಲ್ಲಿ ಈ ಕೆಲಸ ಪ್ರತಿವರ್ಷ ಹೀಗೇ ನಡೆಯುತ್ತದೆ. ಕಲ್ಲು ತೆಂಗಿನಕಾಯಿಯ ಗಾತ್ರದ್ದು, ಹೊಳೆಯಲ್ಲಿ ಉರುಳಿ ನುಣುಪಾದದ್ದು. ಕಪ್ಪು ಮೈ, ನಡುವಿನ ಸುತ್ತ ಒಂದೇ ಬಿಳಿ ಗೆರೆ, ಮಗುವಿಗೆ ಉಡಿದಾರ ಕಟ್ಟಿದ ಹಾಗೆ. ಮಿಡಿಗಳು ಉಪ್ಪುನೀರಿನಿಂದ ಮೇಲೆದ್ದರೆ ಬೂಷ್ಟು ಹಿಡಿಯುತ್ತವೆ. ಅವನ್ನು ಒತ್ತಿ ಹಿಡಿಯಲು ಜಾಡಿಯೊಳಗೆ ಈ ಕಲ್ಲು ಇಡುತ್ತೇವೆ. ಅದು ನಮ್ಮ ಮನೆಗೆ ಬಂದು ಆರು ವರ್ಷವಾಯಿತು. ಹೇಗೆ ಬಂತೆಂಬ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ನಮ್ಮ ಊರು ಮುಗಿದು ಕಾಡು ಶುರುವಾಗುವಲ್ಲಿ ಒಂದು ದಿಣ್ಣೆಯಿದೆ. ದಿಣ್ಣೆಯ ಆಚೆ ಹಾಡಿ. ಕಾಡಿನ ಜನರ ಹದಿನೆಂಟು ಗುಡಿಸಲು. ಅಲ್ಲಿಂದ ಕೇತವ್ವ ಎಂಬಾಕೆ ಪೊರಕೆ, ಸೀಗೆಕಾಯಿ ಹೊತ್ತು ನಮ್ಮ ಹಿತ್ತಿಲ ಬಾಗಿಲಿಗೆ ಬರುತ್ತಿದ್ದಳು. ನಾನು ಬಾಯಿಲ್ಲದ ಹುಡುಗಿ. ಶಾಲೆಯಲ್ಲಿ ಮೇಷ್ಟ್ರು ಎಬ್ಬಿಸಿ ನಿಲ್ಲಿಸಿದರೆ ಕಣ್ಣಲ್ಲಿ ನೀರು ಬರುತ್ತಿತ್ತು. ಏಳನೇ ಕ್ಲಾಸಿಗೇ ಬಿಟ್ಟುಬಿಟ್ಟೆ. ಕೇತವ್ವನ ಪಕ್ಕದಲ್ಲಿ ಮಾತ್ರ ಸುಮ್ಮನೆ ಕೂರಬಹುದಾಗಿತ್ತು. ಅವಳು ನನ್ನಿಂದ ಮಾತನ್ನು ಕೇಳುತ್ತಿರಲಿಲ್ಲ.

ನಾನು ಹನ್ನೊಂದು ವರ್ಷದವಳಿದ್ದಾಗ ಒಂದು ಸಂಜೆ ಅವಳು ನನ್ನನ್ನು ದಿಣ್ಣೆಗೆ ಕರೆದುಕೊಂಡು ಹೋದಳು. ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಚಪ್ಪಡಿ ಹೊದಿಸಿದ ಸಣ್ಣ ಸಣ್ಣ ಗೂಡುಗಳು. ಒಳಗೆ ಸಾಲಾಗಿ ಗುಂಡುಕಲ್ಲುಗಳು. ಹಾಡಿಯಲ್ಲಿ ಯಾರು ಸತ್ತರೂ ಹೊಳೆಯಿಂದ ಒಂದು ಕಲ್ಲು ಆರಿಸಿ ತಂದು, ಸತ್ತವರ ಹೆಸರಿಟ್ಟು ಅಲ್ಲಿ ಕೂರಿಸುತ್ತಾರೆ.

"ಇವ್ಳು ನಮ್ಮತ್ತೆ" ಎಂದಳು ಕೇತವ್ವ ಒಂದು ಒರಟು ಕಲ್ಲನ್ನು ತೋರಿಸಿ. "ಮುಟ್ಬ್ಯಾಡ, ಮುಂಗೋಪಿ. ಈಗ್ಲೂ ಬೈತಾಳೆ."

ಆಮೇಲೆ ಬಿಳಿ ಗೆರೆಯ ಕಲ್ಲನ್ನು ಎತ್ತಿ ನನ್ನ ಮಡಿಲಿಗೆ ಇಟ್ಟಳು. "ಇವ್ಳು ನನ್ ಕೂಸು ಚಿಕ್ಕಿ. ಇದ್ದಿದ್ರೆ ನಿನ್ ಓರಿಗೆಯವ್ಳು. ಹಂಗಲ್ಲ, ಕೂಸು ಎತ್ಕೊಂಡಂಗೆ ಎತ್ಕೊ."

ನಾನು ಹಾಗೇ ಎತ್ತಿಕೊಂಡೆ. ಗೂಡಿನ ಬಾಯಿಗೆ ಬಿದ್ದ ಬಿಸಿಲಿಗೆ ಕಾದ ಕಲ್ಲು ಬೆಚ್ಚಗಿತ್ತು.

ಐದು ವರ್ಷ ಕಳೆದ ಮೇಲೆ ಊರಿನವರಿಗೆ ಆ ದಿಣ್ಣೆ ಬೇಕಾಯಿತು. ಮದುವೆ ಮಾಡಲು ಊರಲ್ಲಿ ಒಂದು ಭವನವಿಲ್ಲವೆಂದು ಅಪ್ಪನೇ ಮುಂದೆ ನಿಂತು ಓಡಾಡಿದರು. ಮೊದಲ ಚಪ್ಪರ ಮಗಳ ಮದುವೆಯದೇ ಎಂದು ಎಲ್ಲರೆದುರು ಹೇಳುತ್ತಿದ್ದರು. ದಿಣ್ಣೆ ತಮ್ಮದೆಂದು ಹಾಡಿಯವರು ಅರ್ಜಿ ಕೊಟ್ಟರು. ಆಮೇಲೆ ಊರು ಬೇರೆಯೇ ಆಯಿತು. ಅವರ ಪೊರಕೆಯನ್ನು ಯಾರೂ ಕೊಳ್ಳಬಾರದೆಂದು ಮಾತಾಯಿತು. ಅವರ ಮಕ್ಕಳು ನಲ್ಲಿಯ ಹತ್ತಿರ ಬಂದರೆ ಹೆಂಗಸರು ಬಿಂದಿಗೆ ಕುಕ್ಕಿ ಓಡಿಸಿದರು. ಕೊನೆಗೆ ಒಬ್ಬ ಅಧಿಕಾರಿ ಬಂದು ನೋಡುತ್ತಾರೆಂದು ಕಾಗದ ಬಂತು. ಹಾಡಿಯವರು ತಮ್ಮ ಸತ್ತವರನ್ನು ಅಲ್ಲಿ ಇಟ್ಟ ಗುರುತು ಸಿಕ್ಕರೆ ಜಾಗ ಅವರದಾಗುತ್ತಿತ್ತು.

ನಮ್ಮ ಜಗಲಿಯಲ್ಲಿ ಸಭೆ ಸೇರಿತು. ನಾನು ಕಾಫಿ ಹಂಚುತ್ತಿದ್ದೆ.

"ಒಟ್ಟು ನಲವತ್ತೊಂದು ಕಲ್ಲು. ಎಣಿಸ್ಕೊಂಡು ಬಂದಿದ್ದೀನಿ" ಎಂದರು ಗುರುಸಿದ್ದಣ್ಣ. ಅವರದು ಊರಿನ ಹಿಟ್ಟಿನ ಗಿರಣಿ. "ಹೊಳೆಗೆ ಹಾಕಿದ್ರೆ ಮತ್ತೆ ಆರಿಸ್ಕೊಂಡು ಬರ್ತಾರೆ."

"ಬಾವಿಗೆ ಹಾಕಿದ್ರೆ?" ಎಂದ ಇನ್ನೊಬ್ಬ.

"ಆಮೇಲೆ ಆ ಬಾವಿ ನೀರು ನೀನು ಕುಡೀತೀಯೇನಯ್ಯ?"

"ಹಂಗಾದ್ರೆ ನುಂಗ್ಬಿಡೋಣ. ಕೋಳಿ ಹರಳು ನುಂಗಲ್ವಾ, ಹಂಗೆ."

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ತಲೆ ತಗ್ಗಿಸಿ ಕೂತಿದ್ದರು. ಅವರ ಲೋಟ ಹಿಡಿದು ನಿಂತಿದ್ದ ನನ್ನ ಬಾಯಿಂದ ಮಾತು ಹೊರಟಿತು.

"ಮನೆಗೊಂದು ಹಂಚ್ಕೊಂಡ್ರೆ ಆಯ್ತು. ಮನೇಲಿ ಒಂದು ಗುಂಡುಕಲ್ಲು ಇದ್ರೆ ಯಾರು ಕೇಳ್ತಾರೆ?"

ಗುರುಸಿದ್ದಣ್ಣ ತೊಡೆ ತಟ್ಟಿದರು. "ನೋಡ್ರಯ್ಯ! ಹುಟ್ಟಿದಾಗಿಂದ ಕೂಡಿಟ್ಟಿದ್ದ ಮಾತು ಇವತ್ತು ಆಡ್ತು ಮಗು!"

ಅಪ್ಪ ನನ್ನ ತಲೆಯ ಮೇಲೆ ಕೈ ಇಟ್ಟರು. "ಇವಳು ಏಳ್ನೇ ಕ್ಲಾಸಿಗೇ ಬಿಟ್ಟವಳು ಅಂದ್ರೆ ಯಾರಾದ್ರೂ ನಂಬ್ತಾರಾ?"

ನನ್ನ ಮಾತನ್ನು ನಾಲ್ಕು ಜನ ಕೇಳಿ ತಲೆದೂಗಿದ್ದು ಅದೇ ಮೊದಲು. ಒಳಗೆ ಹೋಗಿ ಖಾಲಿ ಲೋಟಗಳನ್ನು ತೊಳೆಯುವಾಗ ನಾನು ನಗುತ್ತಿದ್ದೆ. ಮಾತಾಡಿದ್ದಕ್ಕಿಂತ, ಹಾಗೆ ನಕ್ಕಿದ್ದು ನೆನಪಾದರೆ ಈಗ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ಹಾಡಿಯವರೆಲ್ಲ ಜೇನು ಇಳಿಸಲು ಕಾಡಿನೊಳಗೆ ಹೋದ ದಿನ, ದಿಣ್ಣೆ ಚೊಕ್ಕಟ ಮಾಡುವ ನೆಪದಲ್ಲಿ ಊರಿನ ಹೆಂಗಸರು ಮಂಕರಿ ಹಿಡಿದು ಹೊರಟರು. ಕಲ್ಲಿನ ಮೇಲೆ ಸಗಣಿ ಮುಚ್ಚಿ ಹೊತ್ತು ತಂದರು. ಒಂದು ಕಲ್ಲು ಬಾಗಿಲು ಬಡಿಯದಂತೆ ಒತ್ತಾಯಿತು, ಇನ್ನೊಂದು ಶುಂಠಿ ಜಜ್ಜುವ ಗುಂಡಾಯಿತು, ಮುಂಗೋಪಿ ಅತ್ತೆ ಯಾರದೋ ಬಚ್ಚಲು ಸೇರಿದಳು. ನಾನು ಚಿಕ್ಕಿಯನ್ನು ಹುಡುಕಿ ತೆಗೆದುಕೊಂಡೆ. ಬೇರೆಯವರ ಮನೆಗೆ ಹೋಗುವುದಕ್ಕಿಂತ ನನ್ನ ಹತ್ತಿರವೇ ಇರಲಿ, ಗಲಾಟೆ ಮುಗಿದ ಮೇಲೆ ಗುಟ್ಟಾಗಿ ಹಿಂದಕ್ಕೆ ಇಟ್ಟರಾಯಿತು ಎಂದು ನನಗೆ ನಾನೇ ಹೇಳಿಕೊಂಡೆ. ಮನೆಗೆ ಬಂದಾಗ ಅವ್ವ ಅದನ್ನು ಕೈಯಲ್ಲಿ ತೂಗಿ ನೋಡಿ, "ಜಾಡಿಗೆ ಹೇಳಿ ಮಾಡಿಸಿದಂಗೈತೆ" ಎಂದಳು.

ತಿಂಗಳ ಮೇಲೆ ಅಧಿಕಾರಿ ಬಂದರು. ಊರಿಗೆ ಊರೇ ದಿಣ್ಣೆಯಲ್ಲಿ ಸೇರಿತ್ತು. ಕೇತವ್ವ ಗೂಡಿನೆದುರು ಮಂಡಿಯೂರಿ ಒಳಗೆ ಕೈ ಹಾಕಿದಳು. ಬರಿ ಮಣ್ಣು. ಕಲ್ಲುಗಳು ಮಾಯವಾದದ್ದು ಅವಳಿಗೆ ಆಗಲೇ ಗೊತ್ತಿತ್ತು. ಆದರೂ ಒಂದೊಂದೇ ಜಾಗ ಮುಟ್ಟಿ, "ಇಲ್ಲಿ ನಮ್ಮತ್ತೆ, ಇಲ್ಲಿ ನಮ್ಮ ಭಾವ, ಇಲ್ಲಿ ಚಿಕ್ಕಿ" ಎಂದು ಹೇಳುತ್ತಾ ಹೋದಳು.

"ಕಲ್ಲು ಎಲ್ಲಮ್ಮಾ?" ಎಂದರು ಅಧಿಕಾರಿ.

ಅವಳು ತಲೆಯೆತ್ತಿ ನಮ್ಮೆಲ್ಲರ ಮುಖ ನೋಡಿದಳು. ಅಪ್ಪ ಕೆಮ್ಮಿದರು. "ದನ ಕಾಯೋರು ಬುತ್ತಿ ನೆರಳಲ್ಲಿಡೋಕೆ ಅಂತ ಚಪ್ಪಡಿ ನಿಲ್ಸಿದ್ರು ಸ್ವಾಮಿ. ಬೇರೇನಿಲ್ಲ." ಅಧಿಕಾರಿ ಬರೆದುಕೊಂಡರು.

ಊಟ ನಮ್ಮ ಮನೆಯಲ್ಲಿ. ನಡುಮನೆಯಲ್ಲಿ ಎಲೆ ಹಾಕಿದ್ದರು. ನಾನು ಮಿಡಿ ತೆಗೆಯಲು ಹಿತ್ತಿಲ ಪಡಸಾಲೆಯಲ್ಲಿದ್ದ ಜಾಡಿಯ ಬಾಯಿ ಬಿಚ್ಚಿ, ಕಲ್ಲನ್ನು ಎರಡೂ ಕೈಯಿಂದ ಮೇಲೆತ್ತಿದೆ. ನೋಡಿದರೆ ಹಿತ್ತಿಲ ಬಾಗಿಲಲ್ಲಿ ಕೇತವ್ವ ನಿಂತಿದ್ದಳು. ಅವಳ ಕಣ್ಣು ಬಿಳಿ ಗೆರೆಯ ಮೇಲಿತ್ತು.

ಅವಳು ಕೂಗಾಡಲಿಲ್ಲ. ಹಾಡಿಯವರು ನಮ್ಮ ಹೊಸ್ತಿಲು ದಾಟುವಂತಿರಲಿಲ್ಲ. ಅಂಥ ಹೊತ್ತಿನಲ್ಲೂ ಅವಳು ದಾಟಲಿಲ್ಲ. "ಒಳ್ಗೆ ಕೂತವ್ರಲ್ಲ, ಅವ್ರಿಗೆ ಒಂದ್ಸಲ ತೋರ್ಸವ್ವ" ಎಂದಳು ಮೆಲ್ಲಗೆ. "ನಾನ್ ಹೇಳಿದ್ರೆ ನಂಬಲ್ಲ. ನೀನ್ ತೋರ್ಸಿದ್ರೆ ನಂಬ್ತಾರೆ."

ನಡುಮನೆಗೆ ಹತ್ತು ಹೆಜ್ಜೆ. ಆ ಕಲ್ಲನ್ನು ಎಲೆಯ ಮುಂದೆ ಇಟ್ಟಿದ್ದರೆ ಸಾಕಿತ್ತು, ಬಾಯಿ ತೆರೆಯುವುದೂ ಬೇಕಿರಲಿಲ್ಲ. ಒಳಗಿಂದ ಅಧಿಕಾರಿಯ ದನಿ ಕೇಳಿತು. "ಮಿಡಿ ಬಹಳ ಚೆನ್ನಾಗಿದೆ. ಇನ್ನೊಂದು ಹಾಕಿಸಿ." ನಾನು ಬಟ್ಟಲಿಗೆ ನಾಲ್ಕು ಮಿಡಿ ತೆಗೆದುಕೊಂಡೆ. ಕಲ್ಲನ್ನು ಮತ್ತೆ ಉಪ್ಪುನೀರಿನಲ್ಲಿ ಮುಳುಗಿಸಿದೆ. ಬಡಿಸಲು ಒಳಗೆ ಹೋದೆ.

ಗುರುತು ಸಿಗಲಿಲ್ಲವೆಂದು ಅಧಿಕಾರಿ ಬರೆದರು. ಹಾಡಿಯವರು ಮೇಲಿನವರಿಗೆ ಮತ್ತೆ ಅರ್ಜಿ ಹಾಕಿದರು, ಕೆಲಸ ನಿಲ್ಲಿಸಲು ಹೇಳಿ ಇನ್ನೊಂದು ಕಾಗದ ಬಂತು. ತಗಾದೆ ಇವತ್ತಿಗೂ ಮುಗಿದಿಲ್ಲ. ದಿಣ್ಣೆಯ ಮೇಲೆ ನಾಲ್ಕು ಕಂಬಗಳು ಕಬ್ಬಿಣದ ಸರಳು ಚಾಚಿಕೊಂಡು ಮಳೆಯಲ್ಲಿ ನೆನೆಯುತ್ತಿವೆ. ಗುಟ್ಟಾಗಿ ಹಿಂದಕ್ಕೆ ಇಡುತ್ತೇನೆಂದುಕೊಂಡವಳು ನಾನು ಇಟ್ಟಿಲ್ಲ. ಒಂದು ಕಲ್ಲು ಹಿಂದೆ ಹೋದರೆ ನಲವತ್ತೊಂದರ ಕತೆಯೂ ಹೊರಗೆ ಬರುತ್ತದೆ, ಅಪ್ಪನ ಹೆಸರೂ ಬರುತ್ತದೆ. ಜಗಲಿಯಲ್ಲಿ ಯಾರು ಬಾಯಿ ತೆರೆದರೆಂಬುದೂ ಬರುತ್ತದೆ.

ಇವತ್ತು ಬೆಳಿಗ್ಗೆ ನಾವು ಹೀಗೆ ಕಲ್ಲು ತೊಳೆಯುತ್ತಿದ್ದಾಗ ಕೇತವ್ವ ಬಂದಳು. ಈಗ ಅವಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಬೇಲಿ ಹಿಡಿದು ನಿಂತು, ನೀರಿನ ಸದ್ದಿಗೆ ಕಿವಿಗೊಟ್ಟಳು.

"ಚಿಕ್ಕಿಗೆ ನೀರು ಹಾಕ್ತಿದ್ದೀರಾ?"

ಅವ್ವನ ಕೈಯ ತಂಬಿಗೆ ನಿಂತಿತು. ಜಗಲಿಯಲ್ಲಿ ಅಪ್ಪನ ಪತ್ರಿಕೆಯ ಸದ್ದೂ ನಿಂತಿತು.

"ಕೂಸಿನ ಕಲ್ಲಿಲ್ದೆ ನಮ್ಮಲ್ಲಿ ತಾಯಿ ಕಲ್ಲು ಕೂರ್ಸಲ್ಲ" ಎಂದಳು ಕೇತವ್ವ. "ನಂಗೆ ಇನ್ನು ಬಾಳ ದಿನ ಇಲ್ಲ. ತಗಾದೆ ಅದ್ರ ಪಾಡಿಗೆ ನಡೀಲಿ, ದಿಣ್ಣೆ ನಾವು ಬುಡಲ್ಲ. ಈಗ ಅದುನ್ನ ಕೊಡವ್ವ, ಎತ್ಕೊಂಡು ಹೋಯ್ತೀನಿ."

ಅವಳು ಬೇಲಿಯ ಮೇಲಿಂದ ಎರಡೂ ಕೈ ಚಾಚಿದಳು, ಕೂಸನ್ನು ಎತ್ತಿಕೊಳ್ಳುವವರ ಹಾಗೆ. ಅವ್ವ ನನ್ನನ್ನು ನೋಡಿದಳು. ನಾನು ನನ್ನ ಕೈಯಲ್ಲಿದ್ದ ನಾರನ್ನು ನೋಡಿದೆ. ಕಲ್ಲಿನ ಮೇಲಿನ ನೀರು ಇನ್ನೂ ಆರಿರಲಿಲ್ಲ. ಬಿಸಿಲಿಗೆ ಅದರ ಬಿಳಿ ಗೆರೆ ಹೊಳೆಯುತ್ತಿತ್ತು.

"ಕೊಡವ್ವ" ಎಂದಳು ಕೇತವ್ವ ಮತ್ತೊಮ್ಮೆ.