ಆರಗದ ಮೊದಲ ನಟಿ

ಸಾಯುವುದರೊಳಗೆ ಒಂದಾದರೂ ಸಂಶೋಧನೆ ಮಾಡಬೇಕೆಂಬ ಹುಚ್ಚು ಪ್ರೊಫೆಸರ್ ಭೂಪಾಲರಿಗೆ ಮೊದಲಿನಿಂದಲೂ ಇತ್ತು. ಸಾಂಗಲಿಯ ಕಾಲೇಜಿನಲ್ಲಿ ಇತಿಹಾಸ ಕಲಿಸುತ್ತ, ಮಂದಿಯ ಸಂಶೋಧನೆಯನ್ನೇ ಹೇಳಿ ಹೇಳಿ ಗಂಟಲು ಒಣಗಿಸಿಕೊಂಡಿದ್ದರು. ನಿವೃತ್ತಿ ಹತ್ತಿರ ಬಂದಾಗ ಕಾಲೇಜಿನವರು ಹಳೆಯ ದಾಖಲೆಗಳ ಕೋಣೆಗೆ ಕಂಪ್ಯೂಟರ್ ಹಾಕಿಸಿ, ಸುತ್ತಲಿನ ಊರುಗಳ ಇತಿಹಾಸವನ್ನು ಇಂಟರ್‌ನೆಟ್ಟಿನಲ್ಲಿ ಪ್ರದರ್ಶನಕ್ಕಿಡೋಣ ಎಂದರು. ಮಿರಜ ರಸ್ತೆಯ ಹೊಲಗಳೆಲ್ಲ ಶೋರೂಮುಗಳಾಗುತ್ತಿದ್ದ ಕಾಲ ಅದು. ಇದ್ದಬದ್ದದ್ದನ್ನು ಈಗಲೇ ಹಿಡಿದಿಡದಿದ್ದರೆ ಕೈಗೆ ಚಿಪ್ಪೇ ಗತಿ ಎಂದು ಭೂಪಾಲ ಟೊಂಕ ಕಟ್ಟಿ ನಿಂತರು.

ಮಿರಜದ ಹತ್ತಿರದ ಹಳ್ಳಿ ಆರಗದಲ್ಲಿ ಅವರ ತಾಯಿಯ ದೂರದ ತಂಗಿ, ಮಾಣಿಕಬಾಯಿ ಮಾವಶಿ ಇದ್ದರು. ಆ ಫೋಟೊ ಸಿಕ್ಕಿದ್ದು ಅವರ ಟ್ರಂಕಿನಲ್ಲಿ. ನಾಟಕದ ಪರದೆಯ ಮುಂದೆ ಇಳಕಲ್ ಸೀರೆ ಉಟ್ಟು, ಮೂಗುತಿ ಇಟ್ಟು, ಓರೆಗಣ್ಣಿನಲ್ಲಿ ನೋಡುತ್ತ ನಿಂತ ಚೆಲುವೆ!

“ಈಕಿ ಯಾರ್ರಿ, ಮಾವಶಿ?”

ಮಾಣಿಕಬಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಕ್ಕರೋ ಅತ್ತರೋ ತಿಳಿಯಲಿಲ್ಲ. “ಹೆಸರ ಹೇಳಾಕ ಬರೂದಿಲ್ಲಪಾ,” ಎಂದವರೇ ಚಹಾ ಇಡಲು ಎದ್ದುಹೋದರು.

ಪ್ರೊಫೆಸರರ ಮೈ ಜುಮ್ಮೆಂದಿತು. ಸಿಕ್ಕಿತಲ್ಲ ಸಂಶೋಧನೆ! ಫೋಟೊವನ್ನು ಇಂಟರ್‌ನೆಟ್ಟಿಗೆ ಏರಿಸಿ, ಅದರ ಕೆಳಗೆ ಬರೆದೇ ಬರೆದರು: ‘ಆರಗದ ಮೊದಲ ನಟಿ. ಮರ್ಯಾದೆಗೆ ಅಂಜಿದ ಸಮಾಜ ಈಕೆಯ ಹೆಸರನ್ನೇ ಅಳಿಸಿಹಾಕಿತು. ವೃದ್ಧೆಯೊಬ್ಬರ ಮೌನವೇ ಇದಕ್ಕೆ ಸಾಕ್ಷಿ.’ ‘ಮೌನವೇ ಸಾಕ್ಷಿ’ ಎಂದು ಬರೆದಾಗ ತಮ್ಮ ಬೆನ್ನನ್ನು ತಾವೇ ತಟ್ಟಿಕೊಂಡರು. ಪೇಪರಿನಲ್ಲಿ ಸುದ್ದಿ ಬಂತು, ಪ್ರಾಚಾರ್ಯರು ಶಾಲು ಹೊದಿಸಿದರು. ಸೋಮವಾರ ಪುಣೆಯಿಂದ ಬರುವ ವಿದ್ವಾಂಸರ ಮುಂದೆ ಈ ನಟಿಯ ಬಗ್ಗೆಯೇ ಅವರ ಭಾಷಣವಿತ್ತು. ನಿವೃತ್ತಿಗೆ ಮುಂಚೆ ಒಂದಿಷ್ಟು ಹೆಸರು ಬರಲಿ ಅಂತ ಪಾಪ ಅವರ ಆಸೆ.

ಶನಿವಾರ ಮಾಣಿಕಬಾಯಿ ಎಸ್‌ಟಿ ಬಸ್ಸು ಹಿಡಿದು ನೇರವಾಗಿ ಕಾಲೇಜಿನ ದಾಖಲೆಗಳ ಕೋಣೆಗೇ ಬಂದರು. ಮೊಮ್ಮಗಳು ಸೈಬರ್ ಕೆಫೆಯಲ್ಲಿ ಎಲ್ಲ ಓದಿ ಹೇಳಿದ್ದಳಂತೆ.

“ಏ ಭೂಪಾಲಾ, ಯಾವ ಹೆಣಮಗಳ ಹೆಸರ ಯಾರ ಅಳಿಸ್ಯಾರೋ? ಅವರು ನಮ್ಮನಿಯವರು! ನನ್ನ ಕೊಳ್ಳಾಗ ತಾಳಿ ಕಟ್ಟಿದವರು!”

ಕಂಪ್ಯೂಟರ್ ಮುಂದೆ ಕೂತಿದ್ದ ಕಿರಿಯ ಉಪನ್ಯಾಸಕಿ ಋತುಜಾ ಪರದೆಯ ಮೇಲೆ ಫೋಟೊ ದೊಡ್ಡದು ಮಾಡಿದಳು. ಬಳೆ ತೊಟ್ಟ ಮುಂಗೈ ನೋಡಿದರೆ ಸಾಕ್ಷಾತ್ ಪೈಲವಾನನದು. “ಸರ್, ಹಾತ ಬಘಾ,” ಕೈ ನೋಡಿ ಎಂದು ಮರಾಠಿಯಲ್ಲಿ ಪಿಸುಗುಟ್ಟಿದಳು.

“ಅವತ್ತ ಹೇಳಬಾರದಿತ್ತೇನ್ರಿ, ಮಾವಶಿ?” ಎಂದರು ಭೂಪಾಲ, ಅಳುಬುರುಕ ದನಿಯಲ್ಲಿ.

“ಗಂಡನ ಹೆಸರ ಹ್ಯಾಂಗ ಹೇಳಲೋ? ನಿಮ್ಮವ್ವ ಒಂದಿನಾರ ನಿಮ್ಮಪ್ಪನ ಹೆಸರ ಹಿಡದ ಕರದದ್ದ ಕೇಳಿಯೇನ?”

ಕೇಳಿರಲಿಲ್ಲ. ಮದುವೆಮನೆಯಲ್ಲಿ ಎಲ್ಲರೂ ಕಾಡಿದಾಗ ಮಾತ್ರ ಅವ್ವ ಎರಡು ಸಾಲಿನ ಒಡಪು ಕಟ್ಟಿ, ಅದರೊಳಗೆ ಅಪ್ಪನ ಹೆಸರು ಸೇರಿಸಿ ಹೇಳಿ ಓಡಿಹೋಗುತ್ತಿದ್ದಳು. ಇಷ್ಟು ತಿಳಿಯಲು ಅವ್ವನ ಅಡಿಗೆಮನೆ ಸಾಕಿತ್ತು. ಇವರು ಸಮಾಜವನ್ನೇ ಕಟಕಟೆಗೆ ಹತ್ತಿಸಿದ್ದರು. ಓದಿ ಓದಿ ಮರುಳಾದ ಕೂಚಂಭಟ್ಟ! ಆ ಕೂಚಂಭಟ್ಟನಿಗಾದರೂ ಯಾರೂ ಶಾಲು ಹೊದಿಸಿರಲಿಲ್ಲ.

ಆದರೂ ಆಸೆ ಬಿಡಬೇಕಲ್ಲ. “ಸೋಮವಾರ ಒಂದ ಮುಗೀಲಿರಿ, ಮಾವಶಿ. ಆಮ್ಯಾಲೆ ತಿದ್ದತೀನಿ.”

“ಅಷ್ಟರಾಗ ನಾ ಸತ್ತರ? ಅವರ ಹೆಣ್ಣಿನ ಪಾರ್ಟ ನೋಡಿದವರು ಊರಾಗ ನಾ ಒಬ್ಬಾಕಿ ಉಳದೇನಿ. ಆಮ್ಯಾಲೆ ಅವರು ಯಾವಾಕಿನೋ ಆಗೇ ಉಳೀತಾರಲ್ಲೋ, ತಮ್ಮಾ!”

ಮುದುಕಿಯ ಕಣ್ಣು ತುಂಬಿದ್ದು ನೋಡಿ ಭೂಪಾಲರಿಗೆ ತಮ್ಮ ಮೇಲೆಯೇ ಹೇಸಿಕೆಯಾಯಿತು. ಸೋಮವಾರ ಪುಣೆಯವರ ಮುಂದೆ ಮಂಗ್ಯಾ ಆಗುವುದಂತೂ ಖಾತ್ರಿ, ಆಗಲಿ ಎಂದುಕೊಂಡರು.

“ಋತುಜಾ, ಎಲ್ಲಾ ಅಳಿಸು. ಹೆಸರು ಬರಿ...” ಎಂದು ತಡೆದರು. ಹೆಸರೆಲ್ಲಿ ಗೊತ್ತಿತ್ತು? ಇವರು ಸಣ್ಣವರಿದ್ದಾಗಲೇ ತೀರಿಹೋದ ಆತನನ್ನು ಮನೆಯಲ್ಲಿ ಎಲ್ಲರೂ ‘ಆರಗದ ಕಾಕಾ’ ಎಂದೇ ಕರೆಯುತ್ತಿದ್ದರು. ಇತಿಹಾಸದ ಪ್ರೊಫೆಸರಂತೆ!

“ಮೊಮ್ಮಗಳಿಗೆ ಫೋನ್ ಹಚ್ಚತೀನ್ರಿ, ಹೇಳತಾಳ,” ಎಂದರು.

“ಬ್ಯಾಡ. ನಾನ ಹೇಳತೀನಿ. ಅವರು ಹೋದ ಮ್ಯಾಲೆ ಒಡಪ ಹೇಳಿಲ್ಲ. ಗಂಡ ಇಲ್ಲದಾಕಿ ಹೇಳಬಾರದಂತಾರ. ಇದೊಮ್ಮೆ ಹೇಳತೀನಿ.”

ಋತುಜಾ ದನಿ ಮುದ್ರಿಸಿಕೊಳ್ಳಲು ಮೈಕು ಮುಂದೆ ಸರಿಸಿದಳು. ಮಾಣಿಕಬಾಯಿ ತಲೆಯ ಮೇಲೆ ಸೆರಗು ಹೊದ್ದು, ಫೋಟೊ ನೋಡುತ್ತ, ಮದುಮಗಳ ದನಿಯಲ್ಲಿ ಹೇಳಿದರು:

“ಆರಗದ ಎಲಿಬಳ್ಳಿ, ಮಿರಜಿನ ಅತ್ತರ,
ಸೀರಿ ಉಟ್ಟರ ನೇಮಣ್ಣ ನನಗಿಂತ ಸುಂದರ.”

ಹೇಳಿದವರೇ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಗುವೂ ಅಳುವೂ ಎರಡೂ ಇದ್ದವೆಂದು ಭೂಪಾಲರಿಗೆ ಈ ಸಲ ಕಾಣಿಸಿತು. ಋತುಜಾ ಫೋಟೊದ ಕೆಳಗೆ ಹೆಸರು ಬರೆದು, ದನಿ ಸರಿಯಾಗಿ ಬಂದಿದೆಯೇ ಎಂದು ಒಮ್ಮೆ ಕೇಳಿಸಿದಳು.

ಮಾಣಿಕಬಾಯಿ ಕಿವಿಗೊಟ್ಟು ಪೂರ್ತಿ ಕೇಳಿದರು. ಆಮೇಲೆ ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರ ಎಳೆದುಕೊಂಡರು.

“ಇನ್ನೊಮ್ಮೆ ಹಚ್ಚವಾ,” ಎಂದರು. “ನಾ ಹೇಳಬಾರದು. ಅದು ಹೇಳಿದರ ನಡೀತೈತಿ.”