ತಮ್ಮನ ಸಾವಿಗೆ ನಕ್ಕದ್ದು

ತಮ್ಮ ಹೋದ ಸುದ್ದಿ ಬಂದ ದಿನ ನಾನು ನಕ್ಕೆ.

ಅವನು ವಿಶ್ವವಿದ್ಯಾಲಯದಲ್ಲಿ ವಾಹನ ಸುರಕ್ಷತೆಯ ಪ್ರಾಧ್ಯಾಪಕ. ಪ್ರಯೋಗಾಲಯದಲ್ಲಿ ಚಕ್ರವಿಲ್ಲದ ಕಾರೊಂದರಲ್ಲಿ ಕುಳಿತು, ಎದುರಿನ ಪರದೆಯ ರಸ್ತೆಯಲ್ಲಿ ಅದನ್ನು ಓಡಿಸಿ, ಎಷ್ಟು ವೇಗಕ್ಕೆ ತಿರುವಿನಲ್ಲಿ ಮಗುಚುತ್ತದೆಂದು ನೋಡುತ್ತಿದ್ದ. ಮಗುಚಿದಾಗಲೆಲ್ಲ, "ಅಕ್ಕಾ, ಇವತ್ತೂ ಸತ್ತೆ, ಊಟಕ್ಕೆ ತಡ" ಎಂದು ಫೋನ್ ಮಾಡುವುದು ಅವನ ಚಾಳಿ.

ಅಂದು ಅವನ ಫೋನಿನಿಂದ ಶಿಷ್ಯೆ ಮಾತನಾಡಿದಳು. "ಅಮ್ಮಾ, ಸರ್ ತೀರಿಕೊಂಡ್ರು."

"ಮತ್ತೆ ಸತ್ನಾ? ಮೊದಲು ಬಂದು ಉಂಡು, ಆಮೇಲೆ ಸಾಯೋಕೆ ಹೇಳಮ್ಮ" ಎಂದು ನಕ್ಕೆ. ಆ ಕಡೆಯಿಂದ ಅಳು ಕೇಳಿಸಿತು. ಆ ಕಾರಿನಲ್ಲಿ ಕುಳಿತಲ್ಲೇ ಅವನ ಎದೆಬಡಿತ ನಿಂತುಹೋಗಿತ್ತು.

ಆಸ್ಪತ್ರೆಯಲ್ಲಿ ಆ ಹುಡುಗಿಗೆ ಮುಖ ತೋರಿಸಲಾರದೆ ಗೋಡೆಯತ್ತ ತಿರುಗಿ ನಿಂತೆ. ಅವಳೇ ಹತ್ತಿರ ಬಂದಳು.

"ನಾವೂ ನಕ್ವಿ ಅಮ್ಮಾ. ಸ್ಟೀರಿಂಗ್ ಮೇಲೆ ತಲೆ ಇಟ್ಟಿದ್ರು. 'ನಾಟಕ ಸಾಕು, ಏಳಿ ಸರ್' ಅಂತ ಚಪ್ಪಾಳೆ ತಟ್ಟಿದ್ವಿ. ಆಗಲೇ ಡಾಕ್ಟರನ್ನ ಕರೆದಿದ್ರೆ ಉಳೀತಿದ್ರೇನೋ."

ಅವಳ ಕೈ ಹಿಡಿದುಕೊಂಡು, ತಲೆಯೆತ್ತದೆ ಬೇಡಿಕೊಂಡೆ: ದೇವರೇ, ನಮ್ಮ ನಗುವನ್ನು ಮನ್ನಿಸು. ಕಂಡವರ ಮಕ್ಕಳು ರಸ್ತೆಯಲ್ಲಿ ಸಾಯಬಾರದೆಂದು ದುಡಿದ ಜೀವವದು. ಅದಕ್ಕೆ ನಿನ್ನ ಬಳಿ ಶಾಂತಿ ಕೊಡು.