ಅಕ್ಕನ ಹಿತ್ತಲ ಕ್ಯಾರೆಟ್

ಬಾಯಲ್ಲಿ ಕಚ್ಚಿಕೊಂಡ ಕ್ಲಿಪ್ಪಿಗೆ ಸೋಪಿನ ಒಗರು, ಒದ್ದೆ ಹೊದಿಕೆಯ ಒಂದು ಮೂಲೆ ತಂತಿಯ ಮೇಲೆ, ಇನ್ನೊಂದು ಮೂಲೆ ಇನ್ನೇನು ಕೈಗೆ ಸಿಗಬೇಕು, ಅಷ್ಟರಲ್ಲಿ ಕಿಟಕಿಯ ಮೇಲಿಟ್ಟ ಫೋನು, ಭಾನುವಾರ ಬೆಳಿಗ್ಗೆ ಆರೂಮುಕ್ಕಾಲಿಗೆ ಮತ್ತಾರು, ಅವನೇ, ದೊಡ್ಡ ರಸ್ತೆಯ ಆ ತರಕಾರಿ ಹೋಟೆಲಿನ ಶೆಫ್, ಹೋಟೆಲ್ ಅಂದರೆ ಅವನಿಗೆ ಆಗುವುದಿಲ್ಲ, ರೆಸ್ಟೋರೆಂಟ್ ಅನ್ನಬೇಕು, ಊಟ ಅಂದರೂ ಆಗುವುದಿಲ್ಲ, ಅನುಭವ ಅನ್ನಬೇಕು — ಅಕ್ಕಾ ಎದ್ದಿದೀರಾ, ಎದ್ದು ಎರಡು ಬಕೆಟ್ ಬಟ್ಟೆ ಒಗೆದಾಯ್ತು ಹೇಳಿ ಸಾರ್, ಅಕ್ಕಾ ಇವತ್ತು ಹನ್ನೊಂದಕ್ಕೆ ಎಂಟು ಜನ ಅತಿಥಿಗಳನ್ನ ನಿಮ್ಮ ಹಿತ್ತಲಿಗೇ ಕರ್ಕೊಂಡು ಬರ್ತೀನಿ, ಅವರೇ ಕೈಯಾರೆ ಕ್ಯಾರೆಟ್ ಕೀಳ್ತಾರೆ, ಕಿತ್ತಿದ್ದೇ ಮಧ್ಯಾಹ್ನ ತಟ್ಟೆಗೆ, ಹೇಗಿದೆ ಐಡಿಯಾ. ಅವಳು ಹೊದಿಕೆಯ ಮೇಲಿನಿಂದ ಕತ್ತು ಚಾಚಿ ಪಾತಿಯನ್ನು ನೋಡಿದಳು, ಬೋಳಿಸಿದ ತಲೆಯ ಹಾಗೆ ನುಣ್ಣಗಿದೆ, ಒಂದೇ ಒಂದು ಎಲೆಯಿಲ್ಲ, ಮೂರು ವಾರದಿಂದ ಇಲ್ಲ — ಪಾತಿ ಖಾಲಿ ಸಾರ್, ಬೇರಿಗೆ ಗಂಟು ಬಿದ್ದು ಬೆಳೆಯೆಲ್ಲ ಹಾಳಾಯ್ತು, ನಾನು ಕಳಿಸ್ತಿರೋದು ಮಾರ್ಕೆಟ್ಟಿನ ಮಾಲು, ಇಷ್ಟು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು, ಹೊದಿಕೆ ಹರವಿ ಒಳಗೆ ಹೋಗಿ ಬಿಸಿಯಾಗಿ ಏನಾದರೂ ಕುಡಿಯಬಹುದಿತ್ತು, ಆದರೆ ನಾಲಿಗೆ ಅಂದದ್ದು ಬೇರೆ, ಬನ್ನಿ ಸಾರ್, ಧಾರಾಳವಾಗಿ ಬನ್ನಿ, ಮಣ್ಣಲ್ಲಿ ಓಡಾಡೋಕೆ ಆಗೋ ಚಪ್ಪಲಿ ಹಾಕ್ಕೊಂಡು ಬರೋಕೆ ಹೇಳಿ. ನೋಡೋಣ, ಹತ್ತಿರದಿಂದಲೇ ನೋಡೋಣ ಆ ಮುಖಗಳನ್ನು, ಒಂದು ಕ್ಯಾರೆಟ್ಟನ್ನು ಹೊಗೆಯಲ್ಲಿಟ್ಟು ಒಲೆಯಷ್ಟಗಲದ ತಟ್ಟೆಯ ನಡುವೆ ಮಲಗಿಸಿ ಅದರದೇ ಸೊಪ್ಪನ್ನು ಹೊದಿಸಿದರೆ ಕಣ್ಣು ಮುಚ್ಚಿಕೊಂಡು ತಿನ್ನುವವರು, ಒಮ್ಮೆ ಶೆಫ್ ಅವಳನ್ನೂ ಅವಳ ಗಂಡನನ್ನೂ ಕರೆಸಿ ಕೂರಿಸಿದ್ದ, ಬಸ್ಸು ಓಡಿಸಿ ದಣಿದು ಬಂದಿದ್ದ ಗಂಡ ಆ ತಟ್ಟೆಯನ್ನು ಸುತ್ತಲೂ ನೋಡಿ ಮೆಲ್ಲಗೆ, ಪಾಪ ಕಣೇ, ಇಷ್ಟು ದೊಡ್ಡ ಜಾಗದಲ್ಲಿ ಒಂಟಿಯಾಗಿ ಭಯ ಆಗಲ್ವಾ ಅದಕ್ಕೆ ಅಂದಿದ್ದ, ಅವಳು ಬಾಯಿಗೆ ಬಟ್ಟೆ ಅಡ್ಡ ಹಿಡಿದು ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಿದ್ದಳು, ಶೆಫ್ ಅದನ್ನು ಆನಂದಬಾಷ್ಪ ಅಂದುಕೊಂಡ.

ಮಗಳು ಇನ್ನೂ ಮಲಗಿದ್ದಳು, ಒಂದು ಕಾಲು ಹೊದಿಕೆಯ ಹೊರಗೆ, ಮುಚ್ಚಿ ಬಂದಳು, ಎದ್ದರೆ ಹಾಲು ಕುಡಿ ಎಂದು ಚೀಟಿ ಬರೆದಿಟ್ಟು ಸ್ಕೂಟರ್ ಒದ್ದಳು, ಮಾರ್ಕೆಟ್ಟಿನಲ್ಲಿ ಸೊಪ್ಪಿನ ಸಮೇತ ಕಟ್ಟಿದ್ದವು ಸಿಕ್ಕವು, ಏನಮ್ಮಾ ಮನೇಲಿ ಕುದುರೆ ಸಾಕಿದೀರಾ ಅಂದ ಅಂಗಡಿಯವನು, ಹೂಂ ಎಂಟು ಕುದುರೆ, ಹನ್ನೊಂದು ಗಂಟೆಗೆ ಬರ್ತವೆ ಅಂದಳು, ವಾಪಸು ಬಂದು ಬಕೆಟ್ಟಿನಲ್ಲಿ ನೆನೆಹಾಕಿ ಸೊಪ್ಪು ತಲೆಯೆತ್ತುವವರೆಗೆ ಕಾದು, ಕಬ್ಬಿಣದ ಸರಳಿನಿಂದ ಗುಳಿ ಚುಚ್ಚುವುದು, ಇಳಿಸುವುದು, ಬೆರಳಿನಿಂದ ಮಣ್ಣು ಒತ್ತುವುದು, ನೀರು ಚಿಮುಕಿಸುವುದು, ತೀರಾ ಸಾಲಾಗಿ ಬಂತೆಂದು ನಡುವೆ ಎರಡು ಕಿತ್ತು ಓರೆಯಾಗಿ ನೆಟ್ಟಳು, ಬೆನ್ನು ನೋಯುತ್ತಿದೆ ನಗುವೂ ಬರುತ್ತಿದೆ, ಸತ್ತದ್ದನ್ನು ಹೂಳುವುದು ಕೇಳಿದ್ದೇವೆ, ಸಂತೆಯಿಂದ ತಂದು ಹೂಳಿ ಮತ್ತೆ ಹುಟ್ಟಿಸುವ ಸೂಲಗಿತ್ತಿ ಇವಳೊಬ್ಬಳೇ ಇರಬೇಕು. ಮೊದಲ ವಾರ ಹೀಗೆಂದುಕೊಂಡಿರಲಿಲ್ಲ, ಖಂಡಿತ ಇಲ್ಲ, ಬೆಳೆ ಹಾಳಾದ ಗುರುವಾರ ಕಳಿಸಲು ಏನೂ ಇಲ್ಲ ಎನ್ನಲು ನಾಚಿಕೆಯಾಗಿ ಮಾರ್ಕೆಟ್ಟಿನದಕ್ಕೇ ಹಿತ್ತಲ ಮಣ್ಣು ಸವರಿ ಕಳಿಸಿದ್ದಳು, ಮಗಳು ಶಾಲೆಗೆ ಹೋದ ಮೇಲೆ, ಬಾಗಿಲು ಹಾಕಿಕೊಂಡು, ಯಾಕೆಂದರೆ ಅವನಿಗೆ ತೊಳೆದದ್ದು ಆಗುವುದಿಲ್ಲ, ಮಣ್ಣು ಅಂಟಿರಬೇಕು, ಅಕ್ಕಾ ಮಣ್ಣೇ ಅದರ ಕಥೆ ಅನ್ನುತ್ತಾನೆ, ಕಳಿಸಿ ದಿನವಿಡೀ ಫೋನನ್ನೇ ನೋಡುತ್ತಿದ್ದಳು, ಈಗ ಬೈತಾನೆ, ಈಗ ಬೈತಾನೆ, ಬೈದರೆ ತಪ್ಪಾಯ್ತು ಅನ್ನೋಣ — ಸಂಜೆ ಫೋನು ಬಂತು, ಅಕ್ಕಾ ನಾಲ್ಕು ವರ್ಷದಲ್ಲಿ ಇಂಥಾ ಕ್ಯಾರೆಟ್ ತಿಂದಿಲ್ಲ, ಈ ಸಲ ಮಣ್ಣಿಗೆ ಏನು ಮಾಡಿದ್ರಿ. ಅವತ್ತು ಏನೋ ಸತ್ತಿತು, ಅದರ ಜಾಗದಲ್ಲಿ ಈ ನಗು ಬಂದು ಕೂತಿತು, ನಾಲ್ಕು ವರ್ಷದ ಹಿಂದೆ ಇದೇ ಮನುಷ್ಯ ಇದೇ ಪಾತಿಯ ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತು ತೊಳೆಯದ ಕ್ಯಾರೆಟ್ಟನ್ನು ಅಂಗಿಗೆ ಒರೆಸಿ ಕಚ್ಚಿ, ಸೊಪ್ಪಿನ ಬುಡದವರೆಗೂ ತಿಂದು ಇನ್ನೊಂದಕ್ಕೆ ಕೈ ಚಾಚಿದ್ದ, ಗೊಬ್ಬರ ಸೋಸಿ, ಇರುವೆಗೆ ಬೂದಿ ಹಾಕಿ, ಎಳೆಗಿಡ ಬಿಡಿಸಿ ಬೆಳೆಸಿದ್ದನ್ನು ಯಾರೋ ಒಬ್ಬರು ನಾಲಿಗೆಯಿಂದ ಕಂಡರಲ್ಲ ಎಂದು ಅವಳು ಆ ರಾತ್ರಿ ಗಂಡನಿಗೆ ಮೂರು ಸಲ ಹೇಳಿದ್ದಳು, ಥೂ, ನಾಲಿಗೆಯಂತೆ, ಅದು ಮಣ್ಣನ್ನು ಕಣ್ಣಲ್ಲಿ ಕಂಡ ಮೇಲೆ ಹುಟ್ಟುವ ರುಚಿ. ಎರಡನೇ ವಾರವೂ ಕಳಿಸಿದಳು, ಮೂರನೇ ವಾರವೂ, ಈಗ ನಾಚಿಕೆಗಲ್ಲ, ಹಿಡಿಯಲಿ ನೋಡೋಣ ಎಂದು, ಹಿಡಿಯೋ ಮಾರಾಯ, ಒಂದು ಸಲ ಹಿಡಿ. ಅವನು ಹಿಡಿಯಲಿಲ್ಲ. ಹಿಡಿದದ್ದು — ಇಲ್ಲ, ಮಗುವಿಗೇನು ಗೊತ್ತು, ಎಂಟು ವರ್ಷ, ಆದರೂ ಮೂರು ವಾರದಿಂದ ಡಬ್ಬಿಯಲ್ಲಿ ಕ್ಯಾರೆಟ್ ಹಾಗೇ ವಾಪಸು ಬರುತ್ತಿದೆ, ಮನೆಯಲ್ಲಿ ಕೊಟ್ಟರೆ ಒಂದು ಕಚ್ಚಿ ಕೆನ್ನೆಯಲ್ಲಿ ಇಟ್ಟುಕೊಂಡು ಕೂರುತ್ತಾಳೆ, ನುಂಗುವುದಿಲ್ಲ, ಉಗಿಯುವುದೂ ಇಲ್ಲ, ಒಂದು ಕೆನ್ನೆ ಉಬ್ಬಿಸಿಕೊಂಡು ಅಮ್ಮನನ್ನೇ ನೋಡುತ್ತಾಳೆ, ಅಮ್ಮಾ ಒಂದು ಕೇಳ್ಲಾ, ಕೇಳು ಚಿನ್ನ, ಏನಿಲ್ಲ ಬಿಡು. ಕೇಳಿಬಿಡಬಾರದೇ ಅನ್ನಿಸುತ್ತದೆ, ಕೇಳದಿದ್ದರೆ ಸಾಕಪ್ಪಾ ಅನ್ನಿಸುತ್ತದೆ, ಹೋಟೆಲಿನ ದಪ್ಪ ಕಾರ್ಡಿನಲ್ಲಿ ಅಕ್ಕನ ಹಿತ್ತಲ ಕ್ಯಾರೆಟ್ ಎಂದು ಅಚ್ಚಾಗಿರುವುದನ್ನು ಇವಳೇ ಶಾಲೆಗೆ ಒಯ್ದು ಗೋಡೆಗೆ ಅಂಟಿಸಿದ್ದಾಳೆ, ಅಕ್ಕ ಅಂದ್ರೆ ನಮ್ಮಮ್ಮ ಅಂತ ಟೀಚರಿಗೆ ಹೇಳಿದ್ದಾಳೆ, ಆ ಶೆಫ್ಪಿಗೆ ಗೊತ್ತಾದರೆ ಕಾರ್ಡಿನ ಒಂದು ಸಾಲು ಹೋಗುತ್ತದೆ, ಹೋಗಲಿ, ಪೀಡೆ ಕಳೆಯಿತು, ಇವಳಿಗೆ ಗೊತ್ತಾದರೆ ಆ ನಮ್ಮಮ್ಮ ಅನ್ನುವ ಮಾತು ಯಾವ ಗೋಡೆಗೆ ಅಂಟಿಕೊಂಡೀತು.

ಬಂದರು, ಎರಡು ಕಾರು, ಬಿಳಿ ಬಟ್ಟೆ, ಹುಲ್ಲಿನ ಟೋಪಿ, ಮಣ್ಣಿಗೆಂದೇ ಕೊಂಡ ಹೊಸ ಬೂಟು, ಬದುವಿನ ಮೇಲೆ ನಿಂತು ಉಸಿರು ಒಳಗೆಳೆದುಕೊಂಡು ಆಹಾ ಅಂದರು, ಒಗೆದ ಬಟ್ಟೆಯ ಸೋಪಿನ ವಾಸನೆಯದು, ಆಹಾ ಅನ್ನಲಿ ಬಿಡು, ಶೆಫ್ ಪಾತಿಯ ಮುಂದೆ ಮಂಡಿಯೂರಿ ಇದನ್ನ ಕೀಳೋಕೆ ಮುಂಚೆ ಒಂದು ನಿಮಿಷ ಮೌನವಾಗಿರೋಣ ಅಂದ, ಇದ್ದರು, ಒಂದು ನಿಮಿಷ, ಅಂಗಡಿಯವನು ಚೌಕಾಶಿಗೆ ಕೂಡ ಅಷ್ಟು ಹೊತ್ತು ಕೊಟ್ಟಿರಲಿಲ್ಲ. ಟೋಪಿಯ ಹೆಂಗಸು ಮೊದಲನೆಯದನ್ನು ಎಳೆದಳು, ಅದು ಬೆಣ್ಣೆಯಲ್ಲಿ ನೆಟ್ಟ ಹಾಗೆ ಸರಕ್ಕನೆ ಬಂತು, ಬಾರದೆ ಏನು, ನೆಟ್ಟು ಎರಡು ಗಂಟೆಯಾಗಿದೆ, ಅಯ್ಯೋ ಎಷ್ಟು ಸುಲಭವಾಗಿ ಬಂತು ಅಂತ ಅವಳು ಕೂಗಿದಳು, ಶೆಫ್ ತಲೆಯಾಡಿಸಿ ಮಣ್ಣು ಅಷ್ಟು ಹದ ಇದೆ ಮೇಡಂ, ಗಿಡ ತಾನಾಗೇ ಕೊಡ್ತಿದೆ, ನಾವು ಕಿತ್ಕೊಳ್ತಿಲ್ಲ ಅಂದ, ಅಕ್ಕ ಸೆರಗಿನಲ್ಲಿ ನಗು ಮುಚ್ಚಿ ಕೆಮ್ಮಿದಳು, ಒಬ್ಬ ಗಡ್ಡದವನು ಅಕ್ಕಾ ನೀವು ಗಿಡದ ಜೊತೆ ಮಾತಾಡ್ತೀರಂತೆ ಹೌದಾ ಎಂದು ಫೋನು ಹಿಡಿದ, ಮಾತಾಡ್ತೀನಿ, ಇವತ್ತು ಬೆಳಿಗ್ಗೆ ಬೇಗ ಬೇಗ ಇಳೀರಪ್ಪಾ ಅಂತ ಹೇಳ್ದೆ, ಎಲ್ಲರೂ ನಕ್ಕರು, ಮೆಚ್ಚಿ ನಕ್ಕರು, ಇವರ ಮುಖಕ್ಕೆ ಉಗಿದರೂ ಇಬ್ಬನಿ ಅನ್ನುತ್ತಾರೆ, ಆಗಲೇ ಹಿತ್ತಲ ಬಾಗಿಲಲ್ಲಿ ಮಗಳು, ಮುಖ ತೊಳೆದಿದ್ದಾಳೆ, ತಲೆ ಬಾಚಿಲ್ಲ, ನಿನ್ನೆ ಬೋಳಾಗಿದ್ದ ಪಾತಿಯಲ್ಲಿ ಹಸಿರನ್ನು ನೋಡುತ್ತಿದ್ದಾಳೆ, ಒಳಗೆ ಹೋಗು ಪುಟ್ಟಾ ಹಾಲು ಆರುತ್ತೆ, ಕುಡಿದೆ ಅಮ್ಮ, ಹಾಗಾದ್ರೆ ತಲೆ ಬಾಚ್ಕೋ ಹೋಗು, ಅಷ್ಟರಲ್ಲಿ ಶೆಫ್ ಕಂಡುಬಿಟ್ಟ, ಅರೆ ಬಾರಮ್ಮ ಬಾ, ಇವಳೇ ನೋಡಿ ಅಕ್ಕನ ಮಗಳು, ಈ ಮಣ್ಣಲ್ಲೇ ಬೆಳೆದವಳು, ನಮಗಿಂತ ಚೆನ್ನಾಗಿ ಇವಳಿಗೆ ಗೊತ್ತು ಇದರ ರುಚಿ — ಗೊತ್ತು ಕಣೋ, ಮೂರ್ಖ, ಅದೇ ಗೊತ್ತು, ಬೇಡ ಸಾರ್ ಅವಳಿಗೆ ಕೆಮ್ಮು ಅಂದಳು, ಕ್ಯಾರೆಟ್ಟಿಗೆ ಯಾವ ಕೆಮ್ಮು ಅಕ್ಕಾ ಎಂದು ಅವನು ಒಂದನ್ನು ಅಂಗಿಗೆ ಒರೆಸಿ, ಜೇಬಿನ ಚಾಕುವಿನಿಂದ ತೆಳ್ಳಗೆ ಕೊಯ್ದು, ಎರಡು ಬೆರಳಲ್ಲಿ ಮಗುವಿನ ಬಾಯಿಗೇ ಇಟ್ಟ, ಎಂಟು ಮುಖ ಬಗ್ಗಿದವು, ಹೇಗಿದೆ ಹೇಳು ಪುಟ್ಟಿ, ಮಗಳು ಅಗಿದಳು, ಎರಡು ಸಲ, ನಿಂತಳು. ಒಂದು ಕೆನ್ನೆ ಉಬ್ಬಿತು. ನುಂಗು ಚಿನ್ನ, ಒಂದು ಸಲ ನುಂಗಿಬಿಡು, ಇವರೆಲ್ಲ ಹೋಗಲಿ, ಆಮೇಲೆ ನಾನೇ ಹೇಳುತ್ತೇನೆ, ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತೇನೆ, ಈ ಎಂಟು ಜನರನ್ನೂ ಇವನನ್ನೂ ನೋಡಿ ನಗುತ್ತಿದ್ದೆನಲ್ಲ, ಆ ನಗುವಿನೊಳಗೆ ನಿನ್ನ ಡಬ್ಬಿಗೂ ಅದನ್ನೇ ಹಾಕುತ್ತಿದ್ದೆ, ಮಣ್ಣು ಸವರದೆ, ನಿನಗೆ ಗೊತ್ತಾಗುವುದಿಲ್ಲ ಅಂದುಕೊಂಡು, ನಿನ್ನನ್ನೂ ಇವರ ಸಾಲಿನಲ್ಲೇ ನಿಲ್ಲಿಸಿದ್ದೆ — ಕೆನ್ನೆ ಉಬ್ಬಿದೆ, ಗಡ್ಡದವನ ಫೋನು ಅದರ ಹತ್ತಿರ ಹೋಗುತ್ತಿದೆ, ಕಣ್ಣು ಅವನ ಮೇಲಿಲ್ಲ, ಶೆಫ್ಪಿನ ಮೇಲಿಲ್ಲ, ಕೆನ್ನೆ ಉಬ್ಬಿದೆ, ಮಗಳು ಆ ತುತ್ತನ್ನು ಅಂಗೈಗೆ ತೆಗೆದುಕೊಂಡು, ಮುಚ್ಚಿ ಹಿಡಿದು, ಎಲ್ಲರಿಗೂ ಕೇಳುವ ಹಾಗೆ, ಅಮ್ಮಾ, ಇದು ಯಾರ ಮನೇದು?